ಬಿಟ್ಟು ಹೋದವರೇ ಬರಬೇಕು

ಫೆಬ್ರವರಿ 11

ತಂಗೀ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಅದಕ್ಕೇ ಹೊಲಿಗೆ ಮಷೀನಿನ ಮೇಲಿದ್ದ ಬಟ್ಟೆಯೆಲ್ಲ ಪಕ್ಕಕ್ಕೆ ತಳ್ಳಿ ಬರೆಯಲು ಕೂತಿದ್ದೇನೆ.

ಬಟಾಣಿಯ ಮೊಣಕೈ ಮುರಿದಿತ್ತು. ಈಗ ಪರವಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕೂಲಿನ ಜಾರುಬಂಡೆಯಿಂದ ಬಿದ್ದಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಮೂಳೆ ಕೂರಿಸಲು ಅರಿವಳಿಕೆ ಕೊಡಬೇಕು, ಸಹಿ ಹಾಕಿ ಅಂದರು. ಪೆನ್ನು ಕೈಗೆ ತಗೊಂಡೆ. ಕೌಂಟರಿನ ಹುಡುಗಿ, "ನೀವು ತಾಯಿನಾ?" ಅಂದಳು. "ದೊಡ್ಡಮ್ಮ" ಅಂದೆ. ಪೆನ್ನು ವಾಪಸ್ ಇಸಕೊಂಡಳು ಕಣೇ. "ತಾಯಿ ಇಲ್ಲ ಅಂದ್ರೆ ತಂದೆನೇ ಬರ್ಬೇಕು ಮೇಡಂ, ನಾನೇನು ಮಾಡ್ಲಿ" ಅಂದಳು. ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು, ತಂದೆ ಯಾವುದೋ ನದಿಯ ಮೇಲೆ ಸೇತುವೆಗೆ ವೆಲ್ಡಿಂಗ್ ಮಾಡುತ್ತಾ ನೇತಾಡುತ್ತಿದ್ದಾನೆ, ಅವನ ಫೋನು ಕೆಳಗೆ ಶೆಡ್ಡಿನಲ್ಲಿರುತ್ತದೆ ಅಂತೆಲ್ಲ ಅವಳಿಗೆ ಹೇಗೆ ವಿವರಿಸಲಿ? ಸಂಜೆ ಅವನು ಫೋನ್ ಎತ್ತಿ ಒಪ್ಪಿಗೆ ಹೇಳುವವರೆಗೂ ಮಗು ನೋವಿನಲ್ಲಿ ಹಾಗೇ ಮಲಗಿತ್ತು. ನಿನ್ನ ಭಾವ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದರು. ತಮ್ಮನ ವಿಷಯದಲ್ಲಿ ಅವರದು ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ನೀತಿ.

ಅಮ್ಮ ಅನ್ನುವ ಪದಕ್ಕೆ ದೊಡ್ಡ ಅಂತ ಸೇರಿಸಿದರೆ ದೊಡ್ಡದಾಗಬೇಕಲ್ಲ? ನಿಮ್ಮ ಕಾನೂನಿನಲ್ಲಿ ಅದೇಕೆ ಚಿಕ್ಕದಾಗುತ್ತದೆ?

ಮೈದುನ ಬಂದು ವರ್ಷದ ಮೇಲಾಯಿತು. ನೀನು ಇಷ್ಟು ಕಾಲ ಕೋರ್ಟಿನಲ್ಲಿ ಊರಿನವರ ಮಕ್ಕಳನ್ನೆಲ್ಲ ಅವರಿಗೆ ಇವರಿಗೆ ಕೊಡಿಸಿದ್ದೀಯ. ನನಗೂ ಒಬ್ಬಳನ್ನು ಕೊಡಿಸು. ಅವನ ಹಕ್ಕು ತೆಗೆಸಿ, ನಮಗೆ ದತ್ತು ಮಾಡಿಸು. ನಮಗೆ ಮಕ್ಕಳಿಲ್ಲ ಅಂತ ಕೇಳುತ್ತಿಲ್ಲ. ಇಲ್ಲ, ಅದಕ್ಕೂ ಕೇಳುತ್ತಿದ್ದೇನೆ.

ಕಾಯುತ್ತಿರುವ,
ಅಕ್ಕ


ಫೆಬ್ರವರಿ 19

ಅಕ್ಕಾ,

ನಿನ್ನ ಕಾಗದ ಬಂದಾಗ ನನ್ನ ಮುಂದೆ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಮಗನ ಬೇಸಿಗೆ ರಜದ ಮೊದಲ ವಾರ ಯಾರಿಗೆ ಅಂತ ಜಗಳ. ಮಗ ಹೊರಗೆ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿ ಕಟ್ಟಿ ಮಾಡುತ್ತಿದ್ದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಅಜ್ಜಿ ಹೇಳುತ್ತಿದ್ದಳಲ್ಲ, ಆ ಮಾತನ್ನೇ ನನ್ನ ಬೋರ್ಡಿನ ಮೇಲೆ ಬರೆಸಿದರೆ ಡಿಗ್ರಿ ಬರೆಸುವ ಅಗತ್ಯವೇ ಇರುತ್ತಿರಲಿಲ್ಲ.

ಬಟಾಣಿಯ ಕೈಯ ವಿಷಯವನ್ನು ಎರಡು ಸಲ ಓದಿದೆ. ಕೆಲಸ ಮಾಡಿಕೊಡುತ್ತೇನೆ. ಆದರೆ ನೀನು ಕೇಳುತ್ತಿರುವುದು ಏನು ಅಂತ ತಿಳಿದುಕೋ. ಜೈಲಿಗೆ ಹೋದವನೂ ಅಪ್ಪನಾಗಿಯೇ ಇರುತ್ತಾನೆ. ಈ ಆದೇಶ ಬಂದ ಮೇಲೆ ಮೈದುನ ಅವಳಿಗೆ ಕಾನೂನಿನ ಪ್ರಕಾರ ಏನೂ ಅಲ್ಲ. ನೋಡಬೇಕೆಂದರೂ ನಿನ್ನ ಅನುಮತಿ ಬೇಕು. ನನ್ನ ಕೆಲಸದಲ್ಲಿ ಇದಕ್ಕಿಂತ ಕಠಿಣವಾದದ್ದು ಇನ್ನೊಂದಿಲ್ಲ. ಅವನೇ ಒಪ್ಪಬೇಕು, ಇಲ್ಲವೇ ಮಗುವನ್ನು ತೊರೆದಿದ್ದಾನೆ ಅಂತ ಸಾಬೀತಾಗಬೇಕು, ಆಗ ಮಾತ್ರ ಕೋರ್ಟು ಕೊಡುತ್ತದೆ.

ಇನ್ನೊಂದು. ನನ್ನ ಹತ್ತಿರ ಬರುವ ಪ್ರತಿಯೊಬ್ಬರೂ ಫೈಲು ತೆರೆಯುವ ಮುಂಚೆ ಇಡೀ ಕಥೆಯನ್ನು ಎದುರಿನವರ ಬಾಯಿಂದ ಹೇಳಬೇಕು. ಹೆಂಡತಿ ಬಂದರೆ, "ನಾನು ಗಂಡ" ಅಂತ ಶುರು ಮಾಡಬೇಕು. ಕೆಲವರು ಅರ್ಧಕ್ಕೇ ಅಳುತ್ತಾರೆ. ಕೆಲವರು, ಈ ಲಾಯರಿಗೆ ತಲೆ ಕೆಟ್ಟಿದೆ ಅಂತ ಎದ್ದು ಹೋಗುತ್ತಾರೆ. ಅಕ್ಕ ಅಂತ ನಿನಗೆ ರಿಯಾಯಿತಿ ಇಲ್ಲ. ಭಾನುವಾರ ಬಂದು ಮಗುವಿನ ಹತ್ತಿರ ನಾನೇ ಮಾತಾಡುತ್ತೇನೆ. ಆಮೇಲೆ ನೀನು ಮೈದುನನಾಗಿ ನನಗೆ ಬರಿ.

ಪ್ರೀತಿಯಿಂದ,
ನಿನ್ನ ತಂಗಿ


ಮಾರ್ಚ್ 2

ತಂಗೀ,

ನೀನು ಬಂದು ಹೋದ ಮೇಲೆ ಬಟಾಣಿ, "ಲಾಯರ್ ಚಿಕ್ಕಮ್ಮ ಯಾಕೆ ಕನ್ನಡಕದ ಮೇಲಿಂದ ನೋಡ್ತಾರೆ?" ಅಂತ ಕೇಳುತ್ತಿದ್ದಾಳೆ. ನಾನೇನು ಹೇಳಲಿ, ಹುಟ್ಟಾ ಹಾಗೇ ಅಂದೆ.

ನಾನೊಂದು ಮಾತೂ ಹೇಳಿಕೊಟ್ಟಿರಲಿಲ್ಲ, ನೀನೇ ನೋಡಿದೆ. ಗುಂಡಿಗಳ ಡಬ್ಬ ಮುಂದಿಟ್ಟುಕೊಂಡು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಾ ಕೂತಿದ್ದಳು. ನೀನು ಅಪ್ಪ ಎಲ್ಲಿ ಅಂದೆ. ತಲೆಯೂ ಎತ್ತದೆ, "ಅಪ್ಪ ನನ್ನ ಬಿಟ್ಟು ಹೋದ್ರು" ಅಂದಳು. ಅಷ್ಟು ಸಣ್ಣ ಬಾಯಲ್ಲಿ ಅಂಥ ಮಾತು, ಅದೂ ಅಳದೆ. ನನಗೆ ಅಡುಗೆಮನೆಗೆ ಎದ್ದು ಹೋಗಬೇಕಾಯಿತು. ನಿನ್ನ ಪೆನ್ನು ಕೂಡ ನಿಂತುಹೋಗಿತ್ತು.

ಈಗ ನಿನ್ನ ಹೋಂವರ್ಕ್. ನಾನು ಮೈದುನ. ಹೆಂಡತಿ ಮೂರೇ ದಿನದ ಜ್ವರದಲ್ಲಿ ಹೋದಳು. ಮಗಳು ನಕ್ಕರೆ ಅವಳು ನಕ್ಕ ಹಾಗೇ ಇರುತ್ತದೆ, ಅದಕ್ಕೇ ನನಗೆ ಆ ಮುಖ ನೋಡಲು ಆಗುವುದಿಲ್ಲ. ಹತ್ತಿರದಲ್ಲಿ ಕೆಲಸ ಸಿಕ್ಕಿದರೂ ದೂರದ್ದನ್ನೇ ಒಪ್ಪಿಕೊಳ್ಳುತ್ತೇನೆ. ಅತ್ತಿಗೆ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನು ಹೋದಾಗಲೆಲ್ಲ ಅತ್ತಿಗೆ ಬಾಗಿಲಲ್ಲೇ, "ಈಗ ತಾನೇ ಮಲಗಿದಾಳೆ, ಎಬ್ಬಿಸಬೇಡ" ಅನ್ನುತ್ತಾರೆ. ಹಾಗಾಗಿ ನಾನು ಹೋಗುವುದು ಕಡಿಮೆ ಮಾಡಿದೆ.

ಸಾಕು. ಆ ಕೊನೇ ಮಾತು ನನ್ನ ಕೈಯಿಂದ ಹೇಗೆ ಬಂತೋ ಗೊತ್ತಿಲ್ಲ. ಮಲಗಿದ ಮಗುವನ್ನು ಮಲಗಿದಾಳೆ ಅನ್ನದೆ ಇನ್ನೇನು ಅನ್ನಲಿ? ನೀನು ಅರ್ಜಿ ಹಾಕು.

ಅಕ್ಕ


ಏಪ್ರಿಲ್ 6

ಲಾಯರಮ್ಮನವರಿಗೆ,

ನಾನು ನಿಮ್ಮ ಅಕ್ಕನ ಮೈದುನ, ಬಟಾಣಿಯ ತಂದೆ. ಕೋರ್ಟಿನ ನೋಟಿಸು ಸೇತುವೆಯ ಕೆಲಸದ ಜಾಗಕ್ಕೆ ಬಂತು. ಮೇಸ್ತ್ರಿ ಎಲ್ಲರ ಎದುರು ಜೋರಾಗಿ ಓದುವುದಕ್ಕೆ ಮುಂಚೆ ಕೈಯಿಂದ ಕಿತ್ತುಕೊಂಡೆ.

ನಾನು ಮಗುವನ್ನು ತೊರೆದು ಹೋಗಿದ್ದೇನೆ ಅಂತ ಬರೆದಿದ್ದೀರಿ. ಆ ಪದ ಓದಿ ಅವತ್ತು ಮೇಲೆ ಹತ್ತಲಿಲ್ಲ. ಮನಸ್ಸು ಬೇರೆಲ್ಲೋ ಇದ್ದರೆ ನಮ್ಮ ಕೆಲಸದಲ್ಲಿ ಹತ್ತಬಾರದು. ಮೊದಲು ಸಿಟ್ಟು ಬಂತು. ಹಾಗಲ್ಲ ಅಂತ ಬರೆಯೋಣ ಅಂದುಕೊಂಡೆ. ಕೆಳಗೆ ನೋಡಿದರೆ, ಅಪ್ಪ ನನ್ನನ್ನು ಬಿಟ್ಟು ಹೋದರು ಅಂತ ಮಗುವೇ ಹೇಳಿದ್ದಾಳೆ ಅಂತಿದೆ. ಬೇರೆ ಯಾರು ಹೇಳಿದ್ದರೂ ವಾದ ಮಾಡುತ್ತಿದ್ದೆ. ಅವಳೇ ಹೇಳಿದ ಮೇಲೆ ಏನು ವಾದ ಮಾಡಲಿ?

ಅತ್ತಿಗೆಯ ಮೇಲೆ ನನಗೆ ಬೇಜಾರಿಲ್ಲ. ಅವರ ಕೈಯಲ್ಲಿ ಅವಳು ದುಂಡಗೆ ಬೆಳೆದಿದ್ದಾಳೆ. ನನ್ನ ಆಕ್ಷೇಪಣೆ ಇಲ್ಲ ಅಂತ ಬರೆದು ಸಹಿ ಮಾಡಿದ ಕಾಗದ ಜೊತೆಗಿದೆ. ಕೋರ್ಟಿಗೆ ನಾನು ಬರುವುದಿಲ್ಲ. ಅವಳನ್ನು ಅಲ್ಲಿ ನೋಡಿದರೆ ಆಗುವುದಿಲ್ಲ ನನ್ನ ಕೈಲಿ.

ಒಂದು ಕೇಳಿಕೊಳ್ಳುತ್ತೇನೆ. ಅವಳ ಕೈ ಪೂರ್ತಿ ಮಡಚಲು ಬರುತ್ತಿದೆಯಾ, ಅಷ್ಟು ತಿಳಿಸಿ.

ಇತಿ,
ಬಟಾಣಿಯ ತಂದೆ


ಮೇ 14

ಅಕ್ಕಾ,

ನಿನ್ನೆ ಕೋರ್ಟಿನ ಕಾರಿಡಾರಿನಲ್ಲಿ, ಮುಂದಕ್ಕೆ ಹಾಕಿದ್ದಾರೆ ಅಂತ ಮಾತ್ರ ಹೇಳಿ ನಿಮ್ಮನ್ನು ಬಸ್ಸು ಹತ್ತಿಸಿದೆ. ಮಗು ನಿನ್ನ ಸೆರಗು ಹಿಡಿದು ನಿಂತಿತ್ತು, ಅದರ ಮುಂದೆ ಹೇಳುವ ಮಾತಲ್ಲ. ಈಗ ಹೇಳುತ್ತೇನೆ, ಕೂತು ಓದು.

ಜಡ್ಜ್ ಮೇಡಂ ತಮ್ಮ ಕೋಣೆಗೆ ಬಟಾಣಿಯನ್ನು ಕರೆಸಿದರು. ಎದುರು ಪಾರ್ಟಿ ಒಪ್ಪಿಗೆ ಕೊಟ್ಟಿರುವುದರಿಂದ ನಾನೂ ಮೂಲೆಯಲ್ಲಿ ಕೂರಬಹುದು ಅಂದರು. ಹತ್ತು ನಿಮಿಷದ ಕೆಲಸ ಅಂತ ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಅವರು ಗಾಜಿನ ಪೇಪರ್‌ವೇಟ್ ಅವಳ ಕೈಗೆ ಕೊಟ್ಟು, ಅಪ್ಪ ಎಲ್ಲಿ ಪುಟ್ಟಾ ಅಂದರು.

"ಅಪ್ಪ ನನ್ನ ಬಿಟ್ಟು ಹೋದ್ರು."

ಜಡ್ಜ್ ನನ್ನ ಕಡೆ ನೋಡಿದರು. ಅರ್ಜಿಯಲ್ಲಿದ್ದ ಮಾತೇ. ಯಾವಾಗ ಅಂತ ಕೇಳಿದರು.

"ತುಂಬಾ ಹೊತ್ತಾಯ್ತು. ಲೇಟ್ ಮಾಡ್ತಿದಾರೆ."

"ಲೇಟ್ ಅಂದ್ರೆ?"

"ದೊಡ್ಡಮ್ಮನೂ ಬಿಟ್ಟು ಹೋಗ್ತಾರಲ್ಲ ದಿನಾ, ಸ್ಕೂಲಿಗೆ. ಸಂಜೆ ಬಂದು ಕರ್ಕೊಂಡು ಹೋಗ್ತಾರೆ. ಒಂದೊಂದ್ಸಲ ಲೇಟಾಗುತ್ತೆ. ಆಗ ಗೇಟ್ ಹತ್ರ ನಿಂತಿರ್ಬೇಕು. ಬೇರೆಯವರು ಕರೆದ್ರೆ ಹೋಗ್ಬಾರ್ದು."

"ಯಾರು ಕರೆದ್ರೂ?"

"ಯಾರು ಕರೆದ್ರೂ. ಬಿಟ್ಟು ಹೋದವರೇ ಬರ್ಬೇಕು. ದೊಡ್ಡಮ್ಮನೇ ಹೇಳ್ಕೊಟ್ಟಿದಾರೆ."

ಅಕ್ಕಾ, ಅವಳ ಬಾಯಲ್ಲಿ ದೂರಿರಲಿಲ್ಲ. ಯಾರೋ ಲೇಟಾಗಿ ಬರುತ್ತಾರೆ, ಬಂದೇ ಬರುತ್ತಾರೆ ಅನ್ನುವವಳ ಧ್ವನಿ ಅದು. ಅವತ್ತು ಗುಂಡಿ ಆರಿಸುತ್ತಾ ಹೇಳಿದ್ದೂ ಅದೇ ಧ್ವನಿಯಲ್ಲಿ. ಅಳಲಿಲ್ಲ ಅಂತ ನೀನು ಸಂಕಟಪಟ್ಟೆ. ಅಳುವಂಥದ್ದೇನೂ ಅವಳು ಹೇಳಿರಲಿಲ್ಲ.

ಮಗುವನ್ನು ಹೊರಗೆ ಕಳಿಸಿ ಜಡ್ಜ್ ಕೇಳಿದರು, "ಲಾಯರೇ, ನಿಮ್ಮ ಅರ್ಜಿಯಲ್ಲಿರೋದು ಯಾವ ‘ಬಿಟ್ಟು’?" ಈ ಭಾಷೆಯನ್ನು ಹುಟ್ಟಿದಾಗಿನಿಂದ ಆಡುತ್ತಿದ್ದೇನೆ. ಸ್ಕೂಲಿಗೆ ಬಿಟ್ಟು ಬಂದೆ ಅನ್ನುವುದಕ್ಕೂ ಹೆಂಡತಿಯನ್ನು ಬಿಟ್ಟ ಅನ್ನುವುದಕ್ಕೂ ಒಂದೇ ಪದ ಅಂತ ನನಗೆ ಒಮ್ಮೆಯೂ ಹೊಳೆಯಲಿಲ್ಲ. ನನ್ನ ಟೇಬಲ್ಲಿಗೆ ಬರುವ ‘ಬಿಟ್ಟ’ ಎಲ್ಲ ಎರಡನೇ ಥರದ್ದೇ, ನನ್ನ ಕಿವಿ ಹಾಗೇ ಪಳಗಿಹೋಗಿದೆ.

ಜುಲೈಗೆ ಹಾಕಿದ್ದಾರೆ. ಅಷ್ಟರಲ್ಲಿ ಅರ್ಜಿ ಮುಂದುವರಿಸಬೇಕಾ ಬೇಡವಾ ಹೇಳಿ ಅಂದಿದ್ದಾರೆ. ಮೈದುನನ ಒಪ್ಪಿಗೆ ಇರುವುದರಿಂದ ಹಟ ಹಿಡಿದರೆ ಈಗಲೂ ಗೆಲ್ಲಬಹುದು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ತಂಗಿ


ಮೇ 17

ತಂಗೀ,

ನೀನು ಯಾರ ಲಾಯರು? ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಕೇಳಿದ್ದೆ, ಈಗ ನೋಡಿದೆ.

ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ? ಆರು ವರ್ಷದ ಮಗುವಿಗೆ ಏನು ತಿಳಿಯುತ್ತದೆ? ಅವಳಪ್ಪನೇ ಬೇಡ ಅಂತ ಬರೆದುಕೊಟ್ಟ ಮೇಲೆ ನಿಮ್ಮಿಬ್ಬರದು ವ್ಯಾಕರಣ ಪಾಠ. ನಾಳೆ ಅವಳು ಮತ್ತೆ ಬಿದ್ದರೆ ಆ ಕೌಂಟರಿನಲ್ಲಿ ನಿನ್ನ ಜಡ್ಜ್ ಬಂದು ಸಹಿ ಹಾಕುತ್ತಾಳಾ? ಸ್ಕೂಲಿಗೆ ಬಿಟ್ಟವರು ಸಂಜೆಗೆ ಬರುತ್ತಾರೆ. ಅವನು ಬರಲಿಲ್ಲ. ನಾನು ಪ್ರತಿದಿನ ಇದ್ದೇನೆ. ನನ್ನ ಲೆಕ್ಕಕ್ಕೆ ಅಷ್ಟೇ ಸಾಕು.

ಫೈಲು ಕಳಿಸಿಕೊಡು. ಬೇರೆ ಲಾಯರೇ ಇಲ್ಲವಾ ಲೋಕದಲ್ಲಿ?

ಅಕ್ಕ


ಮೇ 25

ಅಕ್ಕಾ,

ಫೈಲು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಬೇರೆ ಲಾಯರ್ ಇದ್ದಾರೆ, ಒಳ್ಳೆಯವರೇ. ಅವರ ಫೋನ್ ನಂಬರು ಒಳಗಿದೆ. ನಾನು ನಿನ್ನ ವಿರುದ್ಧ ಒಂದು ಮಾತೂ ಆಡುವುದಿಲ್ಲ.

ಆಸ್ಪತ್ರೆಯ ಸಹಿಗೆ ಅವನನ್ನು ಅಪ್ಪನ ಸ್ಥಾನದಿಂದ ತೆಗೆಯಲೇಬೇಕು ಅಂತಿಲ್ಲ. ಅವನ ಜೊತೆ ನಿನ್ನನ್ನೂ ಪೋಷಕಿ ಅಂತ ಕೋರ್ಟು ನೇಮಿಸಬಹುದು. ನಿನ್ನ ಸಹಿಯೂ ನಡೆಯುತ್ತದೆ, ಅವನದೂ ನಡೆಯುತ್ತದೆ. ಇದನ್ನು ಫೆಬ್ರವರಿಯಲ್ಲೇ ಹೇಳಬಹುದಿತ್ತು. ಆದರೆ ನೀನು ಕೇಳಿದ್ದು ಸಹಿ ಅಲ್ಲ, ಮಗಳು. ಅದು ನನಗೆ ಗೊತ್ತಿತ್ತು, ನಿನಗೆ ಅದನ್ನೇ ಕೊಡಿಸಬೇಕು ಅಂತ ನನಗೂ ಆಸೆಯಿತ್ತು.

ಮೈದುನ ಕೇಳಿದ್ದ ಒಂದು ಪ್ರಶ್ನೆಗೆ ಉತ್ತರ ಬರೆದೆ, ಕೈ ಪೂರ್ತಿ ಮಡಚುತ್ತಾಳೆ ಅಂತ. ಬೇರೇನೂ ಬರೆದಿಲ್ಲ. ಬರೆಯುವುದಿದ್ದರೆ ಅದು ನೀನು ಬರೆಯಬೇಕಾದದ್ದು.

ತಂಗಿ


ಜುಲೈ 3

ತಂಗೀ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಫೈಲು ಮಷೀನಿನ ಕೆಳಗೆ ಹಾಗೇ ಇತ್ತು, ಕಾಲಿಗೆ ತಾಗಿದಾಗಲೆಲ್ಲ ಪಕ್ಕಕ್ಕೆ ದೂಡುತ್ತಿದ್ದೆ. ಆ ಇನ್ನೊಬ್ಬ ಲಾಯರಿಗೆ ಫೋನ್ ಮಾಡಿದೆ. ಸಲೀಸಾಗಿ ಆಗುವ ಕೇಸು ಅಂದರು. ನಾಳೆ ಬರುತ್ತೇನೆ ಅಂತ ಹೇಳಿ ಹೋಗಲಿಲ್ಲ.

ಮೊನ್ನೆ ಪರದೆ ಹೊಲಿಸಲು ಕೊಟ್ಟವರು ಸಂಜೆಗೇ ಬೇಕು ಅಂತ ಎದುರಿಗೇ ಕೂತುಬಿಟ್ಟರು. ಎದ್ದು ಹೋಗಲು ಆಗಲಿಲ್ಲ. ಸ್ಕೂಲಿಗೆ ತುಂಬಾ ತಡವಾಗಿ ಹೋದೆ. ಬೀದಿಯ ತಿರುವಿನಿಂದಲೇ ಅವಳು ಕಾಣಿಸಿದಳು. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಪಕ್ಕದ ಮನೆಯಾಕೆ ಸ್ಕೂಟರ್ ನಿಲ್ಲಿಸಿ ಕರೆಯುತ್ತಿದ್ದಳು, ಇವಳು ತಲೆ ಅಲ್ಲಾಡಿಸಿದಳು. ಟೀಚರು ಬಂದು ಒಳಗೆ ಕೂತ್ಕೋ ಅಂದರು, ಅದಕ್ಕೂ ಇಲ್ಲ. ಮುಖದಲ್ಲಿ ಗಾಬರಿ ಇರುತ್ತದೆ ಅಂದುಕೊಂಡಿದ್ದೆ. ಏನೂ ಇರಲಿಲ್ಲ. ನಾನು ಬಂದೇ ಬರುತ್ತೇನೆ ಅನ್ನುವುದು ಅವಳಿಗೆ ಅಷ್ಟು ಗೊತ್ತಿತ್ತು. ನಾನು ತಿರುವಿನಲ್ಲೇ ನಿಂತುಬಿಟ್ಟೆ. ಅವನಿಗಾಗಿಯೂ ಇವಳು ಹೀಗೇ ನಿಂತಿದ್ದಾಳಲ್ಲ ಅನ್ನಿಸಿತು. ನನ್ನ ಮನೆಯಲ್ಲಿ ಉಂಡು, ನನ್ನ ಪಕ್ಕದಲ್ಲಿ ಮಲಗಿ, ಇಷ್ಟು ದಿನವೂ ಒಂದು ಗೇಟಿನ ಹತ್ತಿರ ನಿಂತಿದ್ದಾಳೆ. ನಾನು ಆ ಗೇಟಿಗೆ ಬೀಗ ಹಾಕಿಸಲು ಹೊರಟಿದ್ದೆ.

ಹತ್ತಿರ ಹೋದ ಮೇಲೆ, "ಯಾಕೆ ಲೇಟು?" ಅಂತ ಗದರಿದಳು. ಪರದೆ ಅಂದೆ. ಸರಿ ಅಂದಳು.

ನಿನ್ನ ಭಾವನಿಗೆ ಹೇಳಿದೆ. ಅವರು, "ಅವನನ್ನ ಕರೆಸು. ನಾನು ಕರೆದ್ರೆ ಬರಲ್ಲ, ನೀನು ಕರೆದ್ರೆ ಬರ್ತಾನೆ" ಅಂದರು. ಇಷ್ಟು ವರ್ಷಗಳಲ್ಲಿ ಅವರು ಆಡಿದ ಉದ್ದನೆಯ ಮಾತು ಅದೇ ಇರಬೇಕು. ಮೈದುನನಿಗೆ ಬರೆದಿದ್ದೇನೆ. ಅವಳು ಏನು ಹೇಳಿದಳು, ನಾವು ಏನು ಕೇಳಿಸಿಕೊಂಡೆವು, ಎಲ್ಲಾ. ಬಾಗಿಲಲ್ಲಿ ನಿಲ್ಲಿಸಿ ಕಳಿಸುತ್ತಿದ್ದುದನ್ನೂ ಬರೆದೆ. ಬಂದಾಗ ಅವಳು ಮಲಗಿದ್ದರೆ ಎಬ್ಬಿಸುತ್ತೇನೆ ಅಂತಲೂ ಬರೆದೆ.

ಅರ್ಜಿ ವಾಪಸ್ ತಗೋ. ಆ ಜೊತೆ ಪೋಷಕಿಯೋ ಏನೋ, ಅದನ್ನು ಹಾಕು. ಮೇ ತಿಂಗಳಲ್ಲಿ ಬರೆದ ಮಾತಿಗೆ ಏನೂ ಅನ್ನಬೇಡ. ಸಿಟ್ಟಿನಲ್ಲಿ ಕೊಯ್ದ ಮೂಗು ಬರುತ್ತದೆಯಾ ಅನ್ನುತ್ತಾರೆ. ನಿನ್ನ ಮೂಗು ನೆಟ್ಟಗಿದೆ ತಾನೆ?

ಅಕ್ಕ


ಜುಲೈ 12

ಅಕ್ಕಾ,

ಮೂಗು ನೆಟ್ಟಗಿದೆ, ಕನ್ನಡಕವೂ ಅದರ ಮೇಲೇ ಇದೆ.

ಅರ್ಜಿ ವಾಪಸ್ ಪಡೆದೆ. ಹೊಸದನ್ನು ಇವತ್ತೇ ಹಾಕಿದ್ದೇನೆ. ಜಡ್ಜ್ ಓದಿ, ಸರಿ ಅಂದರು, ಅಷ್ಟೇ. ಅವರು ಹೊಗಳುವುದಿಲ್ಲ.

ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಕೈಯಲ್ಲಿರುವ ಕೇಸನ್ನು, ಅದೂ ಗೆಲ್ಲುವ ಕೇಸನ್ನು, ತಾವಾಗಿ ಕೆಳಗಿಟ್ಟವರನ್ನು ಬಹಳ ಕಡಿಮೆ ನೋಡಿದ್ದೇನೆ. ನನ್ನ ಅಕ್ಕ ಅವರಲ್ಲಿ ಒಬ್ಬಳು ಅಂತ ನನಗೆ ಹೆಮ್ಮೆ. ಎದುರಿಗೆ ಸಿಕ್ಕಿದರೆ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೈದುನ ಉತ್ತರ ಬರೆದನಾ?

ತಂಗಿ


ಸೆಪ್ಟೆಂಬರ್ 20

ತಂಗೀ,

ಅವನು ಉತ್ತರ ಬರೆಯಲಿಲ್ಲ, ಬಂದುಬಿಟ್ಟ. ಅದನ್ನು ಫೋನಿನಲ್ಲಿ ಹೇಳಿದೆ. ಕೋರ್ಟಿನ ಆದೇಶದ ದಿನ ನೀನೂ ನೋಡಿದೆ, ಬಟಾಣಿ ಅವನ ಬೆರಳು ಹಿಡಿದುಕೊಂಡೇ ನನಗೆ ಟಾಟಾ ಮಾಡುತ್ತಿದ್ದಳು. ಆಮೇಲಿನದು ನಿನಗೆ ಗೊತ್ತಿಲ್ಲ.

ಅವನಿಗೆ ಇಲ್ಲೇ ಗ್ರಿಲ್ಲು ಗೇಟು ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ರೂಮು ಹಿಡಿದಿದ್ದಾನೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹೋದ ವಾರ ಅವಳನ್ನು ಕರೆದುಕೊಂಡು ಹೋದ. ಅವಳ ಮಂಚವನ್ನು ನಿನ್ನ ಭಾವ ಬಿಚ್ಚಿ, ಹೊತ್ತುಕೊಂಡು ಹೋಗಿ, ಅಲ್ಲಿ ಜೋಡಿಸಿ ಬಂದರು. ಬಂದವರು ಊಟ ಬೇಡ ಅಂದರು.

ನಾನು ಮೂರು ದಿನ ಹೋಗಲಿಲ್ಲ. ಬೇಕಂತಲೇ ಹೋಗಲಿಲ್ಲ, ಅವರಿಬ್ಬರೂ ಒಗ್ಗಿಕೊಳ್ಳಲಿ ಅಂತ. ನಿನ್ನೆ ಅವಳ ಯೂನಿಫಾರಂ ಅಂಚು ಬಿಚ್ಚಿ ಉದ್ದ ಮಾಡಿದ್ದೆ, ಕೊಟ್ಟು ಬರೋಣ ಅಂತ ನೆಪ ಸಿಕ್ಕಿತು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಅವಳೇ ತೆಗೆದಳು. ಬಂದು ಕಾಲು ತಬ್ಬಿಕೊಳ್ಳುತ್ತಾಳೆ ಅಂದುಕೊಂಡು ಚೀಲ ಆ ಕೈಯಿಂದ ಈ ಕೈಗೆ ತಗೊಂಡಿದ್ದೆ.

"ಬನ್ನಿ ದೊಡ್ಡಮ್ಮ" ಅಂದಳು. ಅಲ್ಲಿರುವುದು ಒಂದೇ ಕುರ್ಚಿ, ಅದನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಬಂದಳು. "ಕೂತ್ಕೊಳ್ಳಿ. ನಮ್ಮನೆ ಸ್ವಲ್ಪ ಸಣ್ಣದು" ಅಂದಳು. ಆಮೇಲೆ ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು, ಚೆಲ್ಲದ ಹಾಗೆ, ಲೋಟದ ಮೇಲೇ ಕಣ್ಣಿಟ್ಟುಕೊಂಡು. ಮನೆಗೆ ಯಾರಾದರೂ ಬಂದರೆ ಹೀಗೆ ಮಾಡಬೇಕು ಅಂತ ಕಲಿಸಿದವಳು ನಾನೇ. ಮೈದುನ ಒಲೆಯ ಹತ್ತಿರ ನಿಂತಿದ್ದವನು ಮುಖ ಸಣ್ಣದು ಮಾಡಿಕೊಂಡು, "ಅತ್ತಿಗೆ, ಅವಳು ಸುಮ್ನೆ ಆಟ ಆಡ್ತಿದಾಳೆ" ಅಂದ. "ಇರ್ಲಿ ಬಿಡಪ್ಪ, ಎಷ್ಟು ಚೆನ್ನಾಗಿ ಕೊಟ್ಟಳು" ಅಂದೆ. ಅವಳು ನಕ್ಕಳು. ಅವನು ಆ ನಗುವನ್ನು ಕಣ್ಣು ತೆಗೆಯದೆ ನೋಡುತ್ತಿದ್ದ.

ನಾವು ಮಾಡಿದ್ದು ಸರಿ ತಂಗೀ. ಇನ್ನೊಂದು ಸಲ ಮಾಡು ಅಂದರೂ ಇದನ್ನೇ ಮಾಡುತ್ತೇನೆ. ಆದರೆ ನಿನ್ನ ಹತ್ತಿರ ಸುಳ್ಳು ಹೇಳುವುದು ಯಾಕೆ? ಬಾಯಾರಿಕೆ ಇರಲಿಲ್ಲ, ಆದರೂ ಪೂರ್ತಿ ಕುಡಿದೆ. ಖಾಲಿ ಲೋಟವನ್ನು ಅವಳ ಕೈಗೆ ವಾಪಸ್ ಕೊಡುವಾಗ, ಆ ಕೇಸು ಗೆದ್ದುಬಿಡಬೇಕಿತ್ತು ಅನ್ನಿಸಿತು.

ನಿನ್ನ,
ಅಕ್ಕ